ಪಾಚಿಯ ಪರ ವಕಾಲತ್ತು

ಅವನ ಹುದ್ದೆಯ ಹೆಸರು ಗುರುತಿನ ಚೀಟಿಯಲ್ಲಿ ಎರಡು ಸಾಲು ತಿನ್ನುತ್ತಿತ್ತು. ಕೆಲಸ ಮಾತ್ರ ಪ್ರಯೋಗಾಲಯದಲ್ಲಿ ಹನಿ ಅಳೆಯುವುದು. ಯೀಸ್ಟ್, ನೊಣ, ಪಾಚಿ, ಮನುಷ್ಯ, ಯಾವ ಜೀವಕೋಶ ತೆರೆದರೂ ಆರ್‌ಎನ್‌ಎ ಎಂಬ ಎಳೆಯನ್ನು ಹಿಡಿದುಕೊಳ್ಳುವ ಪ್ರೋಟೀನುಗಳಿರುತ್ತವೆ. ಹಿಡಿಯುವ ಆ ಭಾಗದ ಅಚ್ಚು ಕೋಟ್ಯಂತರ ವರ್ಷಗಳಿಂದ ಹೆಚ್ಚುಕಡಿಮೆ ಒಂದೇ. ಇವನು ಎಳೆ, ಪ್ರೋಟೀನು ಎರಡನ್ನೂ ಬೆರೆಸಿ, ಲೋಳೆ ಹೆಪ್ಪುಗಟ್ಟಿದ ಹಲಗೆಯಂಥ ಜೆಲ್‌ನಲ್ಲಿ ಓಡಿಸುತ್ತಿದ್ದ. ಒಂಟಿ ಎಳೆ ಸರಸರ ಕೆಳಗಿಳಿಯುತ್ತದೆ. ಪ್ರೋಟೀನು ಹಿಡಿದುಕೊಂಡರೆ ಅದರ ಪಟ್ಟೆ ಮೇಲೆಯೇ ನಿಲ್ಲುತ್ತದೆ.

"ಕಣ್ಣಿಗೆ ಕಾಣದ್ದನ್ನೆಲ್ಲ ಹಿಡೀತೀಯಂತೆ, ಹಾಲಿನ ಪಾತ್ರೆ ಹಿಡಿಯೋಕೆ ಬರಲ್ವಲ್ಲೋ!" ಎಂದು ಅಮ್ಮ ಛೇಡಿಸುತ್ತಿದ್ದಳು. ಸುಳ್ಳಲ್ಲ. ಹೋದ ತಿಂಗಳು ಬರಿಗೈಲಿ ಕೊಳವೆ ಮುಟ್ಟಿ, ಬೆವರಿನ ಕಿಣ್ವಕ್ಕೆ ವಾರದ ಆರ್‌ಎನ್‌ಎಯನ್ನೆಲ್ಲ ಔತಣ ಬಡಿಸಿದ ಮಹಾನುಭಾವ ಇವನೇ.

ಆ ಸೋಮವಾರ ಪಾಚಿಯ ಪ್ರೋಟೀನು ಬೆರೆಸಿದ ಪಟ್ಟೆ ಮೇಲೆಯೇ ನಿಂತಿತ್ತು. ನಿಲ್ಲಬಾರದಿತ್ತು. ಹಿಡಿತಕ್ಕೆ ಬೇಕಾದ ಮುಖ್ಯ ಜಾಗಗಳು ಆ ಪ್ರೋಟೀನಿನಲ್ಲಿ ಅಳಿಸಿಹೋಗಿವೆ, ಅದು ಎಳೆಯನ್ನು ಹಿಡಿಯಲಾರದು ಎಂದು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ತಮ್ಮ ಲೇಖನದ ಕರಡಿನಲ್ಲಿ ಆಗಲೇ ಬರೆದಾಗಿತ್ತು.

"ನಿನ್ನ ಕೈ ಕೊಳಕು ಕಣಯ್ಯ. ಬಿಸಾಕು. 'ಹಿಡಿಯಲಿಲ್ಲ' ಅಂತ ಬರೆದು ಸಹಿ ಹಾಕು," ಎಂದರು ಮೇಡಂ.

"ನಾಲ್ಕು ಸಲ ಮಾಡಿದೀನಿ. ನಾಲ್ಕೂ ಸಲ ಹಿಡೀತು."

"ಹಾಗಾದ್ರೆ ನಾಲ್ಕೂ ಸಲ ಕೊಳಕು. ಮುಂದಿನ ತಿಂಗಳು ನಿನ್ನ ಒಪ್ಪಂದ ಮುಗಿಯುತ್ತೆ, ನೆನಪಿದೆಯಲ್ಲ?"

ನೆನಪಿತ್ತು. ಬಾಯಿ ಮಾತ್ರ ಕೇಳಲಿಲ್ಲ.

"ನನ್ನ ಕೈ ಕೊಳಕೇ, ಒಪ್ಕೋತೀನಿ. ಆದ್ರೆ ನನ್ನ ಕೊಳಕು ಆರ್‌ಎನ್‌ಎ ತಿನ್ನುತ್ತೆ ಮೇಡಂ, ಹೋದ ತಿಂಗಳು ನೀವೇ ಬೈದ್ರಲ್ಲ? ತಿಂದಿದ್ರೆ ಪಟ್ಟೇನೇ ಇರ್ತಿರಲಿಲ್ಲ. ಇದು ಮೇಲೆ ಕೂತು ಕಾಲು ಅಲ್ಲಾಡಿಸ್ತಿದೆ!"

"ಮತ್ತೆ ಹೇಗೆ ಹಿಡೀತು, ಹೇಳು?"

"ಅಂಗೈ ಹೋದ್ರೆ ಬೆರಳ ತುದೀಲಿ ಹಿಡಿದಿರಬೇಕು. ಹೇಗೆ ಅನ್ನೋದು ನಿಮ್ಮ ಕೆಲಸ. ಕಂಡದ್ದು ಬರೆಯೋದು ನನ್ನದು."

ಪ್ರಯೋಗದ ದಾಖಲೆ ಪುಸ್ತಕ ಎಳೆದುಕೊಂಡು 'ಹಿಡಿಯಿತು' ಎಂದು ಬರೆದು ಸಹಿ ಜಡಿದ. ಹನಿ ಅಳೆಯುವ ಪಿಪೆಟ್ಟನ್ನು ಮೇಡಂ ಮುಂದಿಟ್ಟ. "ಐದನೇ ಸಲ ನೀವೇ ಮಾಡಿ. ಹಿಡೀಲಿಲ್ಲ ಅಂದ್ರೆ ನಾಳೆಯಿಂದ ನಾನು ಬರಲ್ಲ."

ಮೇಡಂ ಪಿಪೆಟ್ ಕಸಿದುಕೊಂಡರು. ಅವನು ಪಕ್ಕದಲ್ಲೇ ಕೈಕಟ್ಟಿ ನಿಂತ.

ಮೂರು ಗಂಟೆಯ ನಂತರ ಐದನೆಯ ಪಟ್ಟೆಯೂ ಮೇಲೆಯೇ ನಿಂತಿತು. ಮೇಡಂ ತುಟಿ ಬಿಗಿದು ಕರಡಿನ ಆ ಸಾಲಿಗೆ ಗೀಟು ಎಳೆದರು, ಒಪ್ಪಂದದ ಮಾತೆತ್ತಲಿಲ್ಲ. ಅವನು ಆರನೆಯ ಜೆಲ್ ಎರೆಯತೊಡಗಿದ.