ಮುಟ್ಟದೆ ನೋಡಿದ ಕಾಲು

೧೯೭೪ರಲ್ಲಿ ನಾನು ಬೈಲಹೊಂಗಲದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೃತಕ ಕಾಲು ಜೋಡಿಸುವ ಟೆಕ್ನಿಶಿಯನ್ ಆಗಿದ್ದೆ. ವಯಸ್ಸು ಇಪ್ಪತ್ತೊಂಬತ್ತು. ನನ್ನ ಕೈಗೆ ಬಗ್ಗದ ಕೆಲಸವೇ ಇಲ್ಲವೆಂಬ ಸೊಕ್ಕು ಬೇರೆ.

ಆಷಾಢದಲ್ಲಿ ಮನೋಳಿ ಹತ್ತಿರದ ಹಳ್ಳಿಯಿಂದ ಹನುಮಂತದೇವರ ಗುಡಿಯ ಅರ್ಚಕರು, ಗುಂಡಾಚಾರ್ಯರು ಬಂದರು. ಚಕ್ಕಡಿ ಗಾಲಿ ಹರಿದು ಬಲಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ನಿಂತು ಪೂಜೆ ಮಾಡಲಾಗದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದು ಊರ ಹಿರಿಯರು ಹೇಳಿದ್ದರಂತೆ.

"ಕಾಲು ಮಾಡಿ ಕೊಡ್ರಿ ಸಾಹೇಬ್ರ. ಆದ್ರ ಚರ್ಮ ಇರಬಾರದು. ಗರ್ಭಗುಡಿ ಒಳಗ ಹೋಗಬೇಕು ನಾನು."

ತೊಡಕು ಅಲ್ಲೇ ಇತ್ತು. ಮೋಟುಗಾಲು ಕೂರುವ ಬಟ್ಟಲಿಗೆ ಸಾಕೆಟ್ ಎನ್ನುತ್ತೇವೆ. ಮೈಭಾರವೆಲ್ಲ ಅದರ ಮೇಲೆ. ಒಳಗೆ ಚರ್ಮ ಹಾಕುತ್ತಿದ್ದುದು ಅದು ಬೆವರು ಹೀರುತ್ತದೆ, ಒತ್ತಿದಲ್ಲಿ ಬಾಗುತ್ತದೆ ಎಂದು. ನಾಲ್ಕು ದಿನ ತಲೆ ಕೆಡಿಸಿಕೊಂಡು ಅಲ್ಯುಮಿನಿಯಂ ಸಾಕೆಟ್ ಬಡಿದೆ. ಒಳಗೆ ದಪ್ಪ ಉಣ್ಣೆ ಅಂಟಿಸಿದೆ. ಬೆಲ್ಟಿನ ಬದಲು ಮಂಚಕ್ಕೆ ಹೆಣೆಯುವ ಹತ್ತಿಯ ನವಾರ ಹೊಲಿದೆ.

"ಉಣ್ಣಿಗೆ ಮೈಲಿಗಿ ಇಲ್ಲ, ಭಾಳ ಛಲೋ ಆತು" ಎಂದು ಆಚಾರ್ಯರು ಹಿಗ್ಗಿದರು. ನಾನೂ ಉಬ್ಬಿದೆ.

ಶ್ರಾವಣದಲ್ಲಿ ತಪಾಸಣೆಗೆ ಅವರ ಊರಿಗೇ ಹೋದೆ. ಪೂಜೆ ನಡೆದಿತ್ತು. "ಮುಟ್ಟಬ್ಯಾಡ್ರಿ, ಮಡಿಯೊಳಗ ಇದ್ದೇನಿ" ಎಂದರು. ಹೊಸ್ತಿಲಾಚೆ ನಿಂತು ನಡಿಗೆ ನೋಡಿದೆ. ಒಳ್ಳೆಯ ನಡಿಗೆ. ನೋವು ಕೇಳಿದರೆ, ಏನೂ ಇಲ್ಲವೆಂದರು.

ಭಾದ್ರಪದದಲ್ಲಿ ಹೋದಾಗ ಕಂಬಕ್ಕೆ ಒರಗಿ ನಿಂತಿದ್ದರು. ಗಂಧ, ಕರ್ಪೂರದ ವಾಸನೆ ಹೊರಗಿನ ಕಟ್ಟೆಯವರೆಗೂ ಗಮ್ಮೆನ್ನುತ್ತಿತ್ತು. ನವಾರ ಒದ್ದೆ ಇತ್ತು, ಅದರ ಮೇಲೆ ನಾಲ್ಕೈದು ನೊಣ. ಮನಸ್ಸು ಅಳುಕಿತು. ಆದರೂ ಹಿರಿಯರು, ಮಡಿಯಲ್ಲಿದ್ದಾರೆ, ಹೇಗೆ ಮುಟ್ಟುವುದು? ಪ್ರಸಾದ ತೆಗೆದುಕೊಂಡು ಬಸ್ಸು ಹತ್ತಿದೆ.

ಹದಿನೈದು ದಿನಕ್ಕೆ ಅವರ ಹೆಂಡತಿ ವರ್ಕ್‌ಶಾಪಿಗೆ ಬಂದರು. "ಜ್ವರ ಇಳೀವಲ್ದು. ಕಾಲು ಬಿಚ್ಚಗೊಡಂಗಿಲ್ಲ. ವಾಸನಿ ಬರಲಿಕ್ಕೆ ಹತ್ತೇದರಿ" ಎಂದು ಅತ್ತರು.

ಅಂದೇ ಹೋಗಿ ನಾನೇ ಬಿಚ್ಚಿದೆ. ಉಣ್ಣೆಯ ಜೊತೆ ಚರ್ಮವೂ ಬಂತು.

ಆಮೇಲೆ ತಿಳಿಯಿತು. ಉಣ್ಣೆಗೆ ಮೈಲಿಗೆ ಇಲ್ಲದಿದ್ದರೂ ಹತ್ತಿಗೆ ಇದೆ. ನವಾರ ಮಡಿಯಾಗಲೆಂದು ಅವರು ದಿನಾ ಬೆಳಗ್ಗೆ ಕಾಲು ಕಟ್ಟಿಕೊಂಡೇ ನೀರು ಹೊಯ್ದುಕೊಳ್ಳುತ್ತಿದ್ದರು. ಒಳಗಿನ ಉಣ್ಣೆ ಮೂರು ತಿಂಗಳು ಆರಿರಲೇ ಇಲ್ಲ. ಹುಣ್ಣಾದದ್ದು ಗೊತ್ತಾದರೆ ಪೂಜೆ ಕೈತಪ್ಪುತ್ತದೆಂದು ಗಂಧ ಮೆತ್ತಿ ಮುಚ್ಚಿಟ್ಟಿದ್ದರು. ಡಾಕ್ಟರು ಜೀವ ಉಳಿಸಿದರು, ಮೊಣಕಾಲು ಉಳಿಸಲಾಗಲಿಲ್ಲ. ಪೂಜೆಯೂ ಹೋಯಿತು.

ಮರುವರ್ಷ ತೊಡೆಯಿಂದ ಜೋಡಿಸುವ ಕಾಲಿಗೆ ಅಳತೆ ಕೊಡಲು ಬಂದರು. ನಾನು ಅಳತೆಯ ಟೇಪು ಹಿಡಿದು ದೂರವೇ ನಿಂತೆ. ಅವರೇ ಧೋತರ ಸರಿಸಿದರು.

"ಈಗರೆ ಮುಟ್ಟಿ ನೋಡ್ರಿ ಸಾಹೇಬ್ರ. ಇನ್ನ ಎಲ್ಲೀ ಮಡಿ?"

ಅಂದಿನಿಂದ ಯಾರು ನೋವಿಲ್ಲ ಎಂದರೂ ಮೊದಲು ಕಾಲು ಬಿಚ್ಚಿಸಿ, ಕೈಯಾರೆ ಮುಟ್ಟಿ ನೋಡಿದ ಮೇಲೇ ನನ್ನ ಮಾತು. ಅದಕ್ಕೆ ಬೈದವರಿದ್ದಾರೆ. ಬೈಸಿಕೊಂಡಿದ್ದೇನೆ.