ಅಕ್ಕನ ಮಗ್ಗದ ಮುಂದಿನ ಕಿಟಕಿ

ಅಕ್ಕನ ಹೊಸ ಮನೆ ಕಟ್ಟುವಾಗ ಏನೇನು ಕೆಡಬಹುದಿತ್ತು ಅಂದರೆ: ಪಾಯ ಪಕ್ಕದವರ ಗೋಡೆಯೊಳಗೆ ನುಗ್ಗಬಹುದಿತ್ತು. ಕಂಬಗಳು ಜಗಳಾಡಿದವರ ಹಾಗೆ ಒಂದೊಂದು ದಿಕ್ಕಿಗೆ ನಿಲ್ಲಬಹುದಿತ್ತು. ಬಚ್ಚಲ ನೀರು ಅಡುಗೆಮನೆಗೆ ಬರಬಹುದಿತ್ತು. ಟ್ಯಾಬ್ಲೆಟ್ ಗೌಂಡಿಯ ಕೈಜಾರಿ ಕಾಂಕ್ರೀಟಿಗೆ ಬಿದ್ದು, ನಕ್ಷೆಯೂ ಮನೆಯೂ ಒಟ್ಟಿಗೇ ಗಟ್ಟಿಯಾಗಬಹುದಿತ್ತು. ಹೊಸ ನಕ್ಷೆ ತಲುಪುವುದರೊಳಗೆ ಹಳೇ ನಕ್ಷೆಯಂತೆ ಗೋಡೆ ಎದ್ದಿರಬಹುದಿತ್ತು. ಬೀಳಗಿಯ ಹಾಸ್ಟೆಲ್ಲಿನ ನಕ್ಷೆಯನ್ನು ನಾನೇ ಅಪ್ಪಿತಪ್ಪಿ ಇಲ್ಲಿಗೆ ಕಳಿಸಿ, ಅಕ್ಕನ ಮನೆಯಲ್ಲಿ ಸಾಲುಸಾಲು ಪಾಯಖಾನೆ ಎದ್ದು ನಿಲ್ಲಬಹುದಿತ್ತು.

ಇಷ್ಟನ್ನೂ ಜಮಖಂಡಿಯಿಂದ ಬನಹಟ್ಟಿಗೆ ಬರುವ ಬಸ್ಸಿನಲ್ಲಿ ದಿನಾ ಯೋಚಿಸಿದ್ದೇನೆ. ಚಿಂತೆ ಮಾಡುವುದೇ ನನ್ನ ಉದ್ಯೋಗ. ಸಂಬಳ ಕೊಡುವವರು ಅದಕ್ಕೆ ಬೇರೆ ಹೆಸರಿಟ್ಟಿದ್ದಾರೆ, ಅಷ್ಟೆ. ಇಂಜಿನಿಯರು ಕಂಪ್ಯೂಟರಿನಲ್ಲಿ ಕಟ್ಟಿದ ಮನೆಯೂ ಗೌಂಡಿ ಮಣ್ಣಿನ ಮೇಲೆ ಕಟ್ಟಿದ ಮನೆಯೂ ಒಂದೇ ಆಗಿರುವಂತೆ ನೋಡಿಕೊಳ್ಳಬೇಕು. ಸೈಟಿನಲ್ಲಿ ಮೂರು ಕಾಲಿನ ಯಂತ್ರ ನಿಲ್ಲಿಸಿದರೆ, ಕಂಬ ಬರಬೇಕಾದ ಜಾಗಕ್ಕೆ ಅದು ಕೆಂಪು ಚುಕ್ಕಿ ಬಿಡುತ್ತದೆ. ಟ್ಯಾಬ್ಲೆಟ್ ಎತ್ತಿ ಹಿಡಿದರೆ, ಖಾಲಿ ಜಾಗದಲ್ಲಿ ಇನ್ನೂ ಹುಟ್ಟದ ಮನೆ ನಿಂತಿರುತ್ತದೆ. ಮುಧೋಳದ ಗೋದಾಮುಗಳನ್ನು ಹೀಗೇ ಕಟ್ಟಿಸಿದ್ದೇವೆ. ಆದರೆ ಈ ಸಲದ್ದು ನಮ್ಮದೇ ಮನೆ.

ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಅಕ್ಕ. ಈಗಲೂ ಕುಣಿಮಗ್ಗದಲ್ಲಿ ಸೀರೆ ನೇಯುತ್ತಾಳೆ. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು, ನೆಲಕ್ಕೇ ಕೂತು. ಹಳೇ ಮನೆಯಲ್ಲಿ ಮಗ್ಗದ ಮುಂದೆ ಓಣಿಯ ಕಡೆಗೊಂದು ಕಿಟಕಿಯಿತ್ತು. ಚಿಕ್ಕವನಿದ್ದಾಗ ಸಂಜೆ ಸಾಲಿ ಬಿಟ್ಟು ಬರುವಾಗ ಓಣಿ ತಿರುಗಿದ ಕೂಡಲೇ ಅದರಲ್ಲಿ ಅವಳ ಮುಖ. ಲಾಳಿ ನಿಲ್ಲಿಸಿ, "ಬಂದಿ ಏನೋ?" ಅನ್ನುವಳು. ಬೈಗುಳ, ರೊಟ್ಟಿ ಎಲ್ಲ ಆಮೇಲೆ. ಗೋಡೆ ಬಿರಿದು ಆ ಮನೆ ಕೆಡವಬೇಕಾದಾಗ, ಹೊಸ ಮನೆಯಿಂದ ನನಗೆ ಬೇಕಾದದ್ದು ಅದೊಂದೇ: ತಿರುವಿನಿಂದ ಕಾಣುವ ಆ ಮುಖ. ತಲೆ ಅರ್ಧ ನರೆತ ಗಂಡಸು ಇದನ್ನು ಇಂಜಿನಿಯರ್ ಮೇಡಂ ಅವರಿಗೆ ಹೇಗೆ ಹೇಳಬೇಕು? ಮಗ್ಗದ ಮುಂದೆ ಕಿಟಕಿ ಬೇಕು, "ಗಾಳಿ ಬೆಳಕಿಗೆ" ಅಂದೆ.

ನಕ್ಷೆಯಲ್ಲಿ ಆ ಕಿಟಕಿಯನ್ನು ಎಡಕ್ಕೆ ಸರಿಸಿದೆ. ಬಲಕ್ಕೆ ಸರಿಸಿದೆ. ಮತ್ತೆ ಚೂರು ಎಡಕ್ಕೆ. ಗೌಂಡಿ ಫೋನು ಮಾಡಿದ.

"ಸರ, ನೀವು ಜಮಖಂಡ್ಯಾಗ ಕುಂತು ಕಿಟಕಿ ಸರಸ್ತೀರಿ, ಇಲ್ಲಿ ನನ್ನ ಕೈಯಾಗ ಟ್ಯಾಬ್ಲೆಟ್ ಟಣ್ ಅಂತೈತಿ. ರೊಟ್ಟಿ ತಿನ್ನೂಮುಂದನೂ ಟಣ್! ಕಿಟಕಿಗೆ ಗಾಲಿ ಕೂಡಸೂಣೇನ್ರಿ?"

ಕೊನೆಗೆ ಸರಿಯಾಯಿತು. ನಕ್ಷೆಯ ಮನೆಯೊಳಗೆ ಒಂದು ಗೊಂಬೆಮನುಷ್ಯ ಇರುತ್ತಾನೆ. ಅವನನ್ನು ಎಲ್ಲಿ ಬೇಕಾದರೂ ನಿಲ್ಲಿಸಿ, ಅವನ ಕಣ್ಣಿನಿಂದ ನೋಡಬಹುದು. ಮಗ್ಗದ ಜಾಗಕ್ಕೆ ನಿಲ್ಲಿಸಿ ನೋಡಿದೆ. ಓಣಿ ತಿರುವಿನತನಕ ಕಾಣುತ್ತಿತ್ತು. ಎದೆ ತುಂಬಿ ಬಂತು. ಬಾಡಿಗೆ ಮನೆಯಲ್ಲಿದ್ದ ಅಕ್ಕನಿಗೂ ತೋರಿಸಿದೆ. ಅವಳು ಟ್ಯಾಬ್ಲೆಟ್ಟನ್ನು ದೂರ ಹಿಡಿದು ನೋಡಿದಳು.

"ಯಾಂವೋ ಇಂವ, ಪ್ಯಾಂಟು ಹಾಕ್ಕೊಂಡು ನನ್ನ ಮಗ್ಗದಾಗ ನಿಂತಾಂವ?"

ನಾವಿಬ್ಬರೂ ನಕ್ಕೆವು. ಅಲ್ಲಿಗೇ ಬಿಟ್ಟೆ.

ಮನೆ ಮುಗಿಯಿತು. ಕಂಬಗಳು ನೆಟ್ಟಗಿವೆ. ಪಕ್ಕದವರು ಇನ್ನೂ ಮಾತಾಡಿಸುತ್ತಾರೆ. ಬಚ್ಚಲ ನೀರು ಹೇಳಿದ ಕಡೆಗೇ ಹೋಗುತ್ತದೆ. ಮಗ್ಗ ಕೂಡಿಸಿದ ದಿನ ಸಂಜೆ ಬಸ್ಸಿಳಿದು ಬಿರಬಿರ ನಡೆದೆ. ತಿರುವಿನಲ್ಲಿ, ಯಾಕೋ, ಅಂಗಿ ಸರಿಮಾಡಿಕೊಂಡೆ. ಕಿಟಕಿ ತೆರೆದಿತ್ತು. ಅದರಲ್ಲಿ ಫ್ಯಾನು ತಿರುಗುತ್ತಿತ್ತು. ಮಗ್ಗದ ಸಪ್ಪಳ ಕೇಳುತ್ತಿತ್ತು. ಅಕ್ಕ ಕಾಣಲಿಲ್ಲ.

ಒಳಗೆ ಹೋದರೆ ಇದ್ದಳು, ಇರಬೇಕಾದಲ್ಲೇ. ಪಕ್ಕದಲ್ಲಿ ನೆಲಕ್ಕೆ ಕೂತು ಅವಳು ನೋಡುವ ಕಡೆ ನೋಡಿದೆ. ಲೈಟಿನ ಕಂಬದ ತುದಿ, ಮೇಲೆ ಆಕಾಶ. ಹಳೇ ಕಿಟಕಿ ನೆಲದಿಂದ ಮೊಳದೆತ್ತರಕ್ಕೇ ಶುರುವಾಗುತ್ತಿತ್ತು. ಇದು ಎಲ್ಲರ ಮನೆಯಂತೆ ನಿಂತವರ ಸೊಂಟದ ಎತ್ತರಕ್ಕೆ. ಎಡಬಲ ಇಷ್ಟು ಸರಿಸಿದವನು ಮೇಲೆ ಕೆಳಗೆ ನೋಡಿರಲಿಲ್ಲ. ಆ ಗೊಂಬೆಯನ್ನು ಒಮ್ಮೆಯೂ ನೆಲಕ್ಕೆ ಕೂಡಿಸಿ ನೋಡಿರಲಿಲ್ಲ.

"ಒಡಿಸಿ ಕೆಳಗ ಇಳಸೂಣ ಬೇ ಅಕ್ಕಾ."

"ಹೊಸಾ ಗ್ವಾಡಿ ಒಡಸ್ತಾನಂತ, ಶಾಣ್ಯಾ! ಆಕಾಶ ಛಲೋ ಕಾಣ್ತೈತಿ, ಬಿಡು. ಕೈಕಾಲು ತೊಳಕೋ ಹೋಗು."

ತೊಳೆಯಲಿಲ್ಲ. ಸುಮ್ಮನೆ ಹೊರಗೆ ಹೋಗಿ, ತಿರುವಿನತನಕ ನಡೆದು, ಮತ್ತೆ ಬಂದೆ. ನನ್ನ ಚಪ್ಪಲಿಯ ಸದ್ದಿಗೆ ಮಗ್ಗದ ಸಪ್ಪಳ ನಿಂತಿತು. ಕಿಟಕಿಯ ಅಂಚಿನ ಮೇಲೆ ಅಕ್ಕನ ನೆತ್ತಿ ಮಾತ್ರ ಎದ್ದಿತು, ಬೆಳ್ಳಗೆ, ಬೈತಲೆಯ ತನಕ.

"ಬಂದಿ ಏನೋ?"