ಸುಂಕದ ಗೇಟಿನ ಕಾರ್ಬನ್ ಹಾಳೆ

ಶೆಟ್ಟಿಹಳ್ಳಿಯ ಮನೆಗೆ ಬಣ್ಣ ಹೊಡೆಸಲು ಬೀರು ಖಾಲಿ ಮಾಡುತ್ತಿದ್ದೆ. ಹಳೆಯ ಫೈಲಿನಿಂದ ಒಂದು ಕಾರ್ಬನ್ ಹಾಳೆ ಜಾರಿಬಿತ್ತು. ಎತ್ತಿಕೊಂಡರೆ ಬೆರಳೆಲ್ಲ ನೀಲಿ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಗೇಟಣ್ಣ ನೆನಪಾದರು...

ಎಪ್ಪತ್ತರ ದಶಕದ ಕೊನೆ. ಕುಣಿಗಲ್ ಕಡೆಯ ಒಂದು ಸಣ್ಣ ಪುರಸಭೆಯಲ್ಲಿ ನಾನು ಹೊಸ ಕ್ಲಾರ್ಕು. ಊರೊಳಗೆ ಬರುವ ಸರಕಿಗೆ ಆಗ ಸುಂಕವಿತ್ತು. ಅಮೃತೂರಿನ ತೆಂಗಿನಕಾಯಿಯೇ ಬರಲಿ, ಬೆಲ್ಲವೇ ಬರಲಿ, ಊರ ಹೊರಗಿನ ಸುಂಕದ ಗೇಟು ಕಾಯುತ್ತಿದ್ದ ಗೇಟಣ್ಣ ರಸೀದಿ ಹರಿದುಕೊಟ್ಟು ಅಡ್ಡ ಬೊಂಬು ಎತ್ತಿದರೇ ಗಾಡಿ ಒಳಕ್ಕೆ. ಎತ್ತುಗಳಿಗೂ ಅದು ರೂಢಿಯಾಗಿ ಯಾರೂ ಹೇಳದೆ ಅಲ್ಲಿ ನಿಲ್ಲುತ್ತಿದ್ದವು. ಪುರಸಭೆಯ ಅರ್ಧ ಆದಾಯ ಆ ಬೊಂಬಿನ ಕೆಳಗೇ ನುಗ್ಗಿ ಬರುತ್ತಿತ್ತು.

ಸರ್ಕಾರ ಸುಂಕ ರದ್ದು ಮಾಡಿತು. ಬದಲಿಗೆ ಅನುದಾನ ಅಂದರು. ಅದು ಬರುವಷ್ಟರಲ್ಲಿ ಬೀದಿದೀಪ ಕಂಬ ಬಿಟ್ಟು ಕಂಬ ಉರಿಯುತ್ತಿತ್ತು, ಕಸ ಗುಡಿಸುವವರ ಸಂಬಳ ಎರಡು ತಿಂಗಳು ನಿಂತಿತ್ತು, ಆಫೀಸಿನಲ್ಲಿ ಕಾಗದಕ್ಕೂ ದುಡ್ಡಿರಲಿಲ್ಲ. ಗೇಟಣ್ಣನನ್ನು ಆಫೀಸಿಗೆ ಬಾ ಅಂದರೆ ಅವರು ಬರಲಿಲ್ಲ. ಇನ್ನೂ ರಸೀದಿ ಹರಿಯುತ್ತಿದ್ದಾರೆಂದು ದೂರು ಬಂತು. ರಸೀದಿ ಪುಸ್ತಕ ತರಲು ನನ್ನನ್ನು ಕಳಿಸಿದರು.

ಸುಡು ಮಧ್ಯಾಹ್ನ. ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ. ಗೇಟಣ್ಣ ಹೊಸ ಕಾರ್ಬನ್ ಇಟ್ಟು ಬರೆದರು, ಹರಿದು ಗಾಳಿಗೆ ಚಾಚಿದರು, ಬೊಂಬು ಎತ್ತಿದರು. ಒಂದು ಗಾಡಿ ದಾಟುವಷ್ಟು ಹೊತ್ತು ಹಿಡಿದು ನಿಂತರು. ಕಾಣದ ಗಾಡಿಯ ಗಾಲಿ ಕಿರುಗುಟ್ಟಿದ್ದು... ನನಗೂ ಕೇಳಿಸಿತು.

"ಯಾರಿಗ್ ಎತ್ತುದ್ರಣ್ಣ?"

"ಬರೋರ್ಗೆ ಕಣವ್ವ. ಇಲ್ಲೇ ಕೂತೂ ಕೂತೂ, ನಾಳೆ ಬರೋ ಗಾಡಿ ನಂಗೆ ಇವತ್ತೇ ಕಾಣ್ತದೆ." ಪುಸ್ತಕ ನನ್ನ ಕೈಗಿಟ್ಟರು. "ಗೇಟ್ ಬುಟ್ಟೋದ್ರೆ ಊರು ಏನ್ ತಿಂತದೆ? ನಾ ಒಂದ್ ಕಾಸೂ ಈಸ್ಕಂಡಿಲ್ಲ. ಅದ್ನೊಂದ್ ಬರಿಯವ್ವ, ಇಲ್ದಿದ್ರೆ ನನ್ ಕೆಲ್ಸ ಹೋಯ್ತದೆ."

ಆಫೀಸಿಗೆ ಬಂದು ಹಿಂದಿನ ನಾಲ್ಕಾರು ಹಾಳೆ ತಿರುವಿದೆ. ಸುಂಕದ ಜಾಗದಲ್ಲೆಲ್ಲ ಸೊನ್ನೆ. ಆದರೂ ಹೊಸ ಕೆಲಸದ ಹೆದರಿಕೆ, ಸಾಹೇಬರ ಹೆದರಿಕೆ. ರದ್ದಾದ ಮೇಲೂ ರಸೀದಿ ಬರೆದಿದ್ದಾರೆ ಎಂದಷ್ಟೇ ವರದಿ ಕೊಟ್ಟೆ. ಹಣ ಮುಟ್ಟಿಲ್ಲ ಎಂಬ ಸಾಲು ಬರೆಯಲಿಲ್ಲ. ಹೊಸದಾಗಿದೆಯಲ್ಲ, ಬಳಸಿಕೊಳ್ಳೋಣವೆಂದು ಆ ಕಾರ್ಬನ್ ಹಾಳೆ ಮಾತ್ರ ತೆಗೆದು ನನ್ನ ಫೈಲಿನಲ್ಲಿಟ್ಟೆ, ಆಮೇಲೆ ಮರೆತೇಬಿಟ್ಟೆ.

ಅವರನ್ನು ಸಸ್ಪೆಂಡ್ ಮಾಡಿದರು, ಬೊಂಬನ್ನೂ ಕಿತ್ತರು. ಆ ವಾರವೇ ಗೇಟಣ್ಣ ತೀರಿಕೊಂಡರು.

ಸುದ್ದಿ ಕೇಳಿ ಅವರ ಮನೆಗೆ ಹೊರಟಿದ್ದೆ. ಗೇಟಿದ್ದ ಜಾಗದಲ್ಲಿ, ಅವರನ್ನು ಸುಡಲು ತಂದ ಸೌದೆ ಗಾಡಿ ನಿಂತಿತ್ತು.

"ನಡೀರ್ಲಾ, ಗೇಟೇ ಇಲ್ವಲ್ಲ ಇಲ್ಲಿ," ಎನ್ನುತ್ತ ಗಾಡಿಯವನು ಬಾರುಕೋಲು ಬೀಸಿದ. ಎತ್ತುಗಳು ಕದಲಲಿಲ್ಲ. ಕತ್ತೆತ್ತಿ ಮೇಲೇನನ್ನೋ ನೋಡುತ್ತಿದ್ದವು. ಸ್ವಲ್ಪ ಹೊತ್ತಿಗೆ ತಾವಾಗಿಯೇ ನಡೆದವು. ರೂಢಿ ಎಂದುಕೊಂಡೆ. ಹಾಗಂದುಕೊಂಡೇ ಇಷ್ಟು ವರ್ಷ ಕಳೆದೆ...

ಇವತ್ತು ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಗೇಟಣ್ಣ ನನ್ನೆದುರಿಗೇ ಬರೆದ ಆ ಒಂದು ರಸೀದಿ, ಗುಂಡು ಅಕ್ಷರದಲ್ಲಿ ಹಾಗೇ ಇತ್ತು. ಸರಕು: ಸೌದೆ, ಒಂದು ಗಾಡಿ. ಯಾರಿಗೆ ಎಂಬಲ್ಲಿ ಅವರದೇ ಹೆಸರು. ಸುಂಕ: ಸೊನ್ನೆ.

ಆ ರಸೀದಿಯಲ್ಲೂ ಅವರು ಒಂದು ಕಾಸು ಮುಟ್ಟಿರಲಿಲ್ಲ. ಆ ಸಾಲನ್ನು ನಾನು ಬರೆಯಬೇಕಿತ್ತು.